ನೀಲಿ ಕೋಟಿಗೆ ಹಸಿರು ದಾರ

ಟುರ್ಕು, 15 ಸೆಪ್ಟೆಂಬರ್ 1996

ಪ್ರೀತಿಯ ಅಜ್ಜಿ,

ಪಾರ್ಸೆಲ್ ಬಿಚ್ಚಿದ ಕೂಡಲೇ ಮೂಗು ಮುಚ್ಚಿಕೊಳ್ಳಬೇಡ. ಕೋಟಿಗೆ ನುಸಿಗುಳಿಗೆಯ ವಾಸನೆ ಇದೆ, ಒಪ್ಪಿದೆ. ಆದರೆ ಪೂರ್ತಿ ಉಣ್ಣೆ, ಬೂದು ಬೆರೆತ ನೀಲಿ. ಇಲ್ಲಿ ನದಿಯ ಆಚೆ ಹಳೆ ಬಟ್ಟೆಯ ಮಳಿಗೆ ಒಂದಿದೆ. ಜನ ವಾರದ ಲೆಕ್ಕದಲ್ಲಿ ಒಂದೊಂದು ಮೇಜು ಬಾಡಿಗೆಗೆ ಹಿಡಿದು, ಮನೆಯಲ್ಲಿ ಬೇಡವಾದದ್ದಕ್ಕೆಲ್ಲ ಬೆಲೆಚೀಟಿ ಅಂಟಿಸಿ ಇಟ್ಟು ಹೋಗುತ್ತಾರೆ. ಈ ಕೋಟು ಹದಿನೈದು ಮಾರ್ಕ್‌ಗೆ ಸಿಕ್ಕಿತು. ಅದೇ ಬೀದಿಯ ದೊಡ್ಡ ಅಂಗಡಿಯಲ್ಲಿ ಇಂಥದ್ದೇ ಕೋಟನ್ನು ಬೊಂಬೆಗೆ ತೊಡಿಸಿದ್ದಾರೆ. ಅದನ್ನು ಕೊಂಡರೆ ನಾನು ಕ್ರಿಸ್ಮಸ್ ತನಕ ಉಪವಾಸ ಇರಬೇಕು.

ಇಲ್ಲಿನ ಹುಡುಗಿಯರು ಹಾಸಿಗೆಯಿಂದ ಎದ್ದು ಹಾಗೇ ಬಂದವರ ಥರ ಕಾಣುತ್ತಾರೆ. ಹಾಗೆ ಕಾಣುವುದಕ್ಕೆ ಒಂದು ಗಂಟೆ ಕನ್ನಡಿ ಮುಂದೆ ನಿಂತಿರುತ್ತಾರೆ ಅನ್ನುವುದು ನನಗೆ ಈಗ ತಿಳಿಯಿತು. ಮೊದಲ ದಿನ ನಾನು ಜಿಂಕೆ ಚಿತ್ರದ ಸ್ವೆಟರ್ ಹಾಕಿಕೊಂಡು ವಿಶ್ವವಿದ್ಯಾಲಯಕ್ಕೆ ಹೋದೆ. ಪಕ್ಕದಲ್ಲಿ ಕೂತವಳು ನೋಡಿ, "ಹಳ್ಳಿ ಕಡೆಯವ್ಳಾ ನೀನು?" ಅಂತ ಕೇಳಿದಳು. ಅವಳ ಹೆಸರು ರೋನ್ಯಾ. ಹಾಸ್ಟೆಲಿನಲ್ಲಿ ಅವಳ ಕೋಣೆ ನನ್ನ ಕೋಣೆಯ ಎದುರಿಗೇ ಇದೆ, ಅಡುಗೆಮನೆಯೂ ಇಬ್ಬರಿಗೂ ಒಂದೇ. ಹಾಗಾಗಿ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ.

ಅಜ್ಜಿ, ಭುಜ ಎರಡೂ ಕಡೆ ಎರಡೆರಡು ಬೆರಳು ಒಳಗೆ ಹೋಗಬೇಕು. ತೋಳು ಮಣಿಕಟ್ಟಿನ ತನಕ ಸಾಕು. ಕಾಜಗಳ ದಾರ ಸವೆದಿದೆ, ಹೊಸದಾಗಿ ಹಾಕಿಕೊಡು. ಉತ್ತರವನ್ನು ಕೋಟಿನ ಒಳಜೇಬಿನಲ್ಲೇ ಇಟ್ಟು ಬಸ್ಸಿಗೆ ಹಾಕಿಸು. ಫೋನಿನಲ್ಲಿ ನಾವಿಬ್ಬರೂ ಮಳೆ, ಚಳಿ ಬಿಟ್ಟು ಬೇರೇನೂ ಮಾತಾಡುವುದಿಲ್ಲ.

ನಿನ್ನ ಸೈಮಿ


ಕೌಹಯೋಕಿ, 24 ಸೆಪ್ಟೆಂಬರ್ 1996

ಸೈಮಿ ಮಗಳೇ,

ನಿನ್ನ ಕೋಟನ್ನು ಮೂರು ದಿನ ಅಂಗಳದ ತಂತಿಯಲ್ಲಿ ನೇತುಹಾಕಿ ಆಮೇಲೆ ಮನೆಯೊಳಗೆ ಬಿಟ್ಟುಕೊಂಡೆ. ಪಕ್ಕದ ಮನೆಯ ಹೆಲ್ವಿ ಬೇಲಿ ಆಚೆಯಿಂದ ನೋಡಿ, "ಯಾರ್ ಸತ್ರು ರೌಹಾ, ಗಂಡಸ್ರ ಕೋಟು ಒಣಗ್‌ಹಾಕಿದೀಯಲ್ಲ?" ಅಂದಳು. "ಯಾರೂ ಸತ್ತಿಲ್ಲ ಕಣೆ, ಮೊಮ್ಮಗಳು ಫ್ಯಾಷನ್ ಮಾಡ್ತಿದಾಳೆ" ಅಂದೆ.

ಹೊಲಿದವನು ಕಸುಬು ಬಲ್ಲವನು. ಒಳಗಡೆಯ ಹೊಲಿಗೆಯೂ ಹೊರಗಿನಷ್ಟೇ ನೇರವಾಗಿದೆ. ಭುಜ ಬಿಚ್ಚಿ ಒಳಗೆ ತೆಗೆದುಕೊಂಡಿದ್ದೇನೆ, ತೋಳು ಮೊಟಕು ಮಾಡಿದ್ದೇನೆ, ಆರು ಕಾಜ ಹೊಸದಾಗಿ ಹಾಕಿ ಕಾಲರಿನ ಅಂಚಿಗೂ ಒಂದು ಸುತ್ತು ಹೊಲಿಗೆ ಓಡಿಸಿದ್ದೇನೆ. ಕೋಟಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆ ಮೇಜಿನಲ್ಲಿ ಕೂತವಳು ನಾನು. ಎಲ್ಲರೂ ನನ್ನನ್ನು ಹದ್ದು ಅನ್ನುತ್ತಿದ್ದರು, ಹೊಗಳಿಕೆಗಲ್ಲ. ಒಂದು ಹೊಲಿಗೆ ಓರೆಯಾಗಿದ್ದರೂ ಸೀಮೆಸುಣ್ಣದ ಗೀಟು ಎಳೆದು ಕೋಟನ್ನು ವಾಪಸು ಕಳಿಸುತ್ತಿದ್ದೆ. ಈ ಕೋಟಿನ ಮೇಲೆ ಗೀಟು ಎಳೆಯುವಂಥದ್ದು ಏನೂ ಇಲ್ಲ.

ನಿನ್ನ ಅಕ್ಷರ ಇಷ್ಟು ಸಣ್ಣಗಾದದ್ದು ಯಾವಾಗ? ಕಾಗದ ಉಳಿಸಬೇಡ, ದೊಡ್ಡದಾಗಿ ಬರೆ. ಬೆಳಿಗ್ಗೆ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನು. ಫ್ಯಾಷನ್ನಿಗೂ ಮೈಮೇಲೆ ಸ್ವಲ್ಪ ಮಾಂಸ ಬೇಕು.

ಅಜ್ಜಿ


ಟುರ್ಕು, 3 ಅಕ್ಟೋಬರ್ 1996

ಪ್ರೀತಿಯ ಅಜ್ಜಿ,

ಇಗೋ ದೊಡ್ಡದಾಗಿ ಬರೆಯುತ್ತಿದ್ದೇನೆ. ನೀನೇನು, ಅಂಗಡಿಯ ಬೋರ್ಡು ಬರೆಯುವ ದಪ್ಪ ಪೆನ್ನಿನಲ್ಲಿ ಕಾಗದ ಬರೆಯಲು ಶುರುಮಾಡಿದ್ದೀಯ? ಅಂಚೆಯಲ್ಲಿ ಬಂದಿದ್ದರೆ ಪೋಸ್ಟ್‌ಮನ್ ದೂರದಿಂದಲೇ ಓದಿಬಿಡುತ್ತಿದ್ದ.

ಕೋಟು ಮೈಗೆ ಅಂಟಿಕೊಂಡ ಹಾಗೆ ಕೂತಿದೆ. ದಾರ ನೋಡಿ ಮಾತ್ರ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನೀಲಿ ಕೋಟಿಗೆ ಹಸಿರು ದಾರ ಹಾಕುವ ಧೈರ್ಯ ನಿನಗೇ ಬರಬೇಕು. ಅದೂ ಎಲೆಹಸಿರು, ಕಾಲರಿನ ಸುತ್ತ, ಆರೂ ಕಾಜಕ್ಕೆ. ಎಲ್ಲರೂ ತಿರುಗಿ ತಿರುಗಿ ನೋಡಿದರು. ಕಲಾಶಾಲೆಯ ಹುಡುಗಿಯೊಬ್ಬಳು ಕ್ಯಾಂಟೀನಿನ ಸಾಲಿನಲ್ಲಿ ನಿಲ್ಲಿಸಿ, "ಯಾವ ಟೈಲರ್ ಹತ್ರ ಹೊಲಿಸ್ದೆ?" ಅಂತ ಕೇಳಿದಳು. "ನಮ್ಮಜ್ಜಿ" ಅಂದೆ. ನಂಬಲಿಲ್ಲ.

ಇವತ್ತು ಗುರುವಾರ, ಕ್ಯಾಂಟೀನಿನಲ್ಲಿ ಬಟಾಣಿ ಸಾರು. ಎರಡು ಸಲ ಹಾಕಿಸಿಕೊಂಡೆ. ಬೆಣ್ಣೆಯೂ ತಿಂದೆ, ಸಮಾಧಾನವೇ?

ಸೈಮಿ


ಕೌಹಯೋಕಿ, 14 ಅಕ್ಟೋಬರ್ 1996

ಸೈಮಿ,

ಹೌದು, ಹಸಿರು. ಕಾರ್ಖಾನೆಯಲ್ಲಿ ಅಂಥದ್ದಕ್ಕೆ ಬಿಡುತ್ತಿರಲಿಲ್ಲ. ಈಗ ನನಗೆ ಹೇಳುವವರು ಕೇಳುವವರು ಯಾರೂ ಇಲ್ಲವಲ್ಲ, ಮನಸ್ಸಿಗೆ ಬಂದಿದ್ದು ಹಾಕಿದೆ.

ಆ ಕಲಾಶಾಲೆಯವಳು ನಿಜವಾಗಿ ಹಾಗೆ ಕೇಳಿದಳೇ? ಅವಳು ಅಂದದ್ದನ್ನು ಇನ್ನೊಂದು ಸಲ ಸರಿಯಾಗಿ ಬರೆದು ಕಳಿಸು.

ಇಲ್ಲಿ ನೆಲ ಹೆಪ್ಪುಗಟ್ಟಿದೆ. ಮುಂದಿನ ಪಾರ್ಸೆಲ್ ಬೇಗ ಕಳಿಸು. ಕೈ ಖಾಲಿ ಇದ್ದರೆ ನನಗೆ ಆಗುವುದಿಲ್ಲ.

ಅಜ್ಜಿ


ಟುರ್ಕು, 20 ನವೆಂಬರ್ 1996

ಪ್ರೀತಿಯ ಅಜ್ಜಿ,

ನೀನು ಹೊಲಿದ ಸ್ಕರ್ಟು ನೆನ್ನೆ ಮೆರವಣಿಗೆ ಹೋಗಿ ಬಂತು. ಪರದೆಯ ಬಟ್ಟೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಕಂದು ಸ್ಕರ್ಟಿಗೆ ನೇರಳೆ ಅಂಚು ಹಾಕಿದ್ದೀಯಲ್ಲ, ಅದನ್ನು ನೋಡಿ ರೋನ್ಯಾ ತನ್ನ ಕಪ್ಪು ಪ್ಯಾಂಟನ್ನೂ ನಿನ್ನ ಹತ್ತಿರ ಕಳಿಸಬೇಕು ಅಂತ ಹಠ ಹಿಡಿದಿದ್ದಾಳೆ. "ನಿಮ್ಮಜ್ಜಿಗೆ ಯಾವ್ ದಾರ ಅನ್ಸತ್ತೋ ಅದೇ ಹಾಕ್ಲಿ, ನಾನೇನೂ ಹೇಳಲ್ಲ. ಹೇಳಿದ್ರೆ ಕೆಟ್ಟೋಗತ್ತೆ" ಅನ್ನುತ್ತಾಳೆ. ಸ್ವೆಟರ್ ನೋಡಿ ನನ್ನನ್ನು ಹಳ್ಳಿಯವಳು ಅಂದವಳು ಇವಳೇ, ನೆನಪಿದೆಯಾ?

ಪ್ಯಾಂಟಿನ ಜೊತೆ ನನ್ನದೂ ಎರಡು ಶರಟು ಇದೆ. ಕಾಲರು ಹರಿದಿದೆ, ಬಿಚ್ಚಿ ತಿರುಗಿಸಿ ಹಾಕು. ಮಂಜು ಬಿದ್ದು ಬೀದಿಯೆಲ್ಲ ಜಾರುತ್ತಿತ್ತು. ಒಬ್ಬರು ಪಾರ್ಸೆಲನ್ನು ಬಸ್ ನಿಲ್ದಾಣದ ತನಕ ಹೊತ್ತುಕೊಂಡು ಬಂದರು.

ಸೈಮಿ


ಕೌಹಯೋಕಿ, 2 ಡಿಸೆಂಬರ್ 1996

ಸೈಮಿ ಮಗಳೇ,

ಶರಟು ಎರಡೂ ಮುಗಿದಿವೆ. ಪ್ಯಾಂಟನ್ನು ಹಾಗೇ ವಾಪಸು ಕಳಿಸಿದ್ದೇನೆ. ನಾನು ಊರವರಿಗೆಲ್ಲ ಹೊಲಿದುಕೊಡುವ ಅಂಗಡಿ ತೆರೆದಿಲ್ಲ. ಆ ಹುಡುಗಿಗೂ ಎರಡು ಕೈ ಇವೆ, ಸೂಜಿ ಹಿಡಿಯುವುದನ್ನು ನೀನೇ ಕಲಿಸು. ಕಪ್ಪು ಬಟ್ಟೆ ಈ ಕತ್ತಲೆಯ ತಿಂಗಳಲ್ಲಿ ಆಗದ ಕೆಲಸ. ಮೂರು ಗಂಟೆಗೇ ದೀಪ ಹಾಕಬೇಕು, ಆ ದೀಪವೋ ದೇವರಿಗೇ ಪ್ರೀತಿ.

ಕ್ರಿಸ್ಮಸ್ ಹಬ್ಬಕ್ಕೆ ಬರುವಾಗ ಒಂದು ಕೆಲಸ ಮಾಡು. ಸೂಜಿಯ ಒಂದು ಪೊಟ್ಟಣ ಕೊಂಡು ಎಲ್ಲಕ್ಕೂ ದಾರ ಪೋಣಿಸಿಕೊಂಡು ಬಾ. ನನಗೆ ಹೊತ್ತು ಉಳಿಯುತ್ತದೆ.

ಆ "ಒಬ್ಬರು" ಯಾರು? ನಿಮ್ಮ ತಾತನ ಬಗ್ಗೆ ನಮ್ಮಮ್ಮನಿಗೆ ಮೊದಲ ಸಲ ಹೇಳಿದಾಗ ನಾನೂ "ಒಬ್ಬರು" ಅಂತಲೇ ಶುರುಮಾಡಿದ್ದೆ.

ಅಜ್ಜಿ


ಟುರ್ಕು, 9 ಜನವರಿ 1997

ಪ್ರೀತಿಯ ಅಜ್ಜಿ,

ಬಸ್ಸಿನಲ್ಲಿ ಬರುವಾಗ ಪೂರ್ತಿ ಇದನ್ನೇ ಯೋಚಿಸುತ್ತಿದ್ದೆ, ಕೇಳಿಯೇಬಿಡುತ್ತೇನೆ. ನನ್ನ ಮೇಲೆ ನಿನಗೆ ಕೋಪವೇ?

ಐದು ದಿನ ಇದ್ದೆ. ಹ್ಯಾಮ್ ಬಡಿಸಿದೆ, ಉಗಿಸ್ನಾನಕ್ಕೆ ಸೌನಾ ಕಾಯಿಸಿದೆ, ಮಲಗುವಾಗ ಎರಡು ಕಂಬಳಿ ಹೊದಿಸಿದೆ. ಆದರೆ ಮಾತಾಡುವಾಗ ನೀನು ನನ್ನ ಮುಖ ನೋಡಲಿಲ್ಲ. ಭುಜದ ಆಚೆ ಎಲ್ಲೋ ಗೋಡೆಯ ಕಡೆ ನೋಡುತ್ತಿದ್ದೆ. ಕೋಟನ್ನು ತೊಟ್ಟು ನಿನ್ನ ಎದುರು ತಿರುಗಿ ತೋರಿಸಿದರೆ ಬಟ್ಟೆ ಮುಟ್ಟಿ ನೋಡಿ, "ಒಪ್ಪತ್ತೆ ನಿಂಗೆ" ಅಂದು ಒಲೆ ಕಡೆ ತಿರುಗಿಕೊಂಡೆ. ಸೊಂಟದ ತನಕ ಇದ್ದ ಕೂದಲನ್ನು ನಾನು ಕಿವಿಯ ತನಕ ಕತ್ತರಿಸಿದ್ದೆ. ಐದು ದಿನದಲ್ಲಿ ನೀನು ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಅಮ್ಮ ವಾಸಾ ಊರಿನಿಂದ ಬಂದ ಕೂಡಲೇ, "ಅಯ್ಯೋ, ಇದೇನೇ ಅವತಾರ" ಅಂದಳು. ನೀನೂ ಹಾಗೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಫ್ಯಾಷನ್ ಅಂತ ಹುಚ್ಚಾಗಿದ್ದೇನೆ ಅಂತ ನಿನಗೆ ಅನ್ನಿಸಿದ್ದರೆ ಹೇಳು, ಅಜ್ಜಿ. ಸುಮ್ಮನಿರಬೇಡ. ನೀನು ಸುಮ್ಮನಿದ್ದರೆ ನನಗೆ ಭಯವಾಗುತ್ತದೆ.

ಸೈಮಿ


ಕೌಹಯೋಕಿ, 18 ಜನವರಿ 1997

ನನ್ನ ಬಂಗಾರವೇ,

ಕೋಪ ಇಲ್ಲ. ನಿನ್ನ ಮೇಲೆ ಯಾವತ್ತೂ ಇರಲಿಲ್ಲ. ಕೂದಲು ನಿನ್ನದು, ತಲೆ ನಿನ್ನದು, ನಾನು ಏಕೆ ಬಾಯಿ ಹಾಕಲಿ? ಮುದುಕಿಯರು ಗೋಡೆ ನೋಡಿಕೊಂಡು ಮಾತಾಡುತ್ತಾರೆ. ಹೆಲ್ವಿಯನ್ನು ನೋಡು, ಅವಳು ಬೆಕ್ಕನ್ನು ನೋಡಿಕೊಂಡು ನನ್ನ ಹತ್ತಿರ ಮಾತಾಡುತ್ತಾಳೆ.

ನೀನು ಬಂದು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ನೀನು ಪೋಣಿಸಿಕೊಟ್ಟ ಸೂಜಿಗಳಲ್ಲಿ ಇನ್ನು ನಾಲ್ಕು ಉಳಿದಿವೆ. ನಿನ್ನ ಬಟ್ಟೆ ಹೊಲಿಯುವ ಹೊತ್ತಿನಲ್ಲಿ ನನಗೆ ವಯಸ್ಸು ನೆನಪಾಗುವುದಿಲ್ಲ. ಆದ್ದರಿಂದ ಕಳಿಸುವುದನ್ನು ನಿಲ್ಲಿಸಬೇಡ, ತಿಳಿಯಿತೇ?

ಅಜ್ಜಿ


ಟುರ್ಕು, 7 ಏಪ್ರಿಲ್ 1997

ಪ್ರೀತಿಯ ಅಜ್ಜಿ,

ಪರೀಕ್ಷೆ, ಪರೀಕ್ಷೆ, ಪರೀಕ್ಷೆ. ಎರಡು ತಿಂಗಳು ಬರೀ ಕಾರ್ಡು ಕಳಿಸಿದ್ದಕ್ಕೆ ಕ್ಷಮಿಸು.

ಈ ಸಲ ಕಳಿಸಿರುವುದು ಫ್ಯಾಷನ್ ಅಲ್ಲ, ನಮ್ಮ ವಿದ್ಯಾರ್ಥಿ ಓವರಾಲ್. ಕೊರಳಿನಿಂದ ಕಾಲಿನ ತನಕ ಒಂದೇ ಉಡುಪು. ವಿಭಾಗಕ್ಕೊಂದು ಬಣ್ಣ, ನಮ್ಮ ಜೀವಶಾಸ್ತ್ರದವರದ್ದು ಕಡುಹಸಿರು. ವಾಪ್ಪು ದಿನ, ಮೇ ಒಂದಕ್ಕೆ, ಇಡೀ ಊರಿನ ವಿದ್ಯಾರ್ಥಿಗಳು ಇದನ್ನೇ ತೊಟ್ಟು ಬೀದಿಗೆ ಇಳಿಯುತ್ತಾರೆ. ಅವತ್ತು ಶ್ರೀಮಂತರ ಮಕ್ಕಳೂ ನಾವೂ ಒಂದೇ ಥರ ಕಾಣುತ್ತೇವೆ, ನನಗೆ ಅದೇ ಇಷ್ಟ. ಅದರ ಮೇಲಿನ ಬಟ್ಟೆಯ ಬಿಲ್ಲೆಗಳನ್ನೆಲ್ಲ ನಾನೇ ಹೊಲಿದದ್ದು. ನಗಬೇಡ.

ಸೊಂಟ ದೊಗಳೆಯಾಗಿದೆ, ಮೂರು ಬೆರಳು ಒಳಗೆ ತಗೋ. ತಿಂಗಳ ಕೊನೆಯೊಳಗೆ ಬೇಕು.

ಮತ್ತೆ, ಆ ಒಬ್ಬರು ಯಾರು ಅಂತ ನೀನು ಡಿಸೆಂಬರಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಈ ಪಾರ್ಸೆಲಿನಲ್ಲೇ ಇದೆ. ಬಿಡಿಸಿದ ಕೂಡಲೇ ನಿನ್ನ ಕಣ್ಣಿಗೆ ಬೀಳುತ್ತದೆ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಹೀಗೆ. ಬೈಯುವುದಿದ್ದರೆ ಉದ್ದವಾಗಿ ಬೈದು ಬರೆ.

ಸೈಮಿ


ಕೌಹಯೋಕಿ, 16 ಏಪ್ರಿಲ್ 1997

ಸೈಮಿ ಮಗಳೇ,

ಇದೇನು ಮಾರಾಯ್ತಿ, ಈ ಬಟ್ಟೆ ನೀರು ಕಂಡು ಎಷ್ಟು ದಿನವಾಗಿತ್ತು? ಬಿಯರು, ಸಾಸಿವೆ, ಹೊಗೆ, ಇನ್ನೂ ಏನೇನೋ ವಾಸನೆ. ಸೌನಾದ ಹಂಡೆಯಲ್ಲಿ ನೀರು ಕಾಯಿಸಿ, ಪೈನ್ ಸೋಪು ಹಾಕಿ ಎರಡು ದಿನ ನೆನೆಹಾಕಿದೆ. ನೀರು ಮೂರು ಸಲ ಬದಲಾಯಿಸಿದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ್ದೇನೆ, ಈಗ ಚರ್ಚಿಗೆ ತೊಟ್ಟು ಹೋಗಬಹುದು. ಬಿಲ್ಲೆಗಳೆಲ್ಲ ಕುಡಿದವರು ಹೊಲಿದ ಹಾಗೆ ಓರೆಯಾಗಿ ಕೂತಿದ್ದವು. ಇಪ್ಪತ್ಮೂರನ್ನೂ ಬಿಚ್ಚಿ ನೇರವಾಗಿ ಸಾಲು ಹಿಡಿದು ಹೊಲಿದೆ.

ಸೊಂಟ ಮೂರು ಬೆರಳು ತೆಗೆದಿದ್ದೇನೆ. ಎಡಗಾಲು ಮಂಡಿಯ ಹತ್ತಿರ ಸುತ್ತಲೂ ಹರಿದದ್ದನ್ನು ಯಾರೋ ಹಲ್ಲು ತಿಕ್ಕುವ ದಾರದಲ್ಲಿ ದಬ್ಬಣ ಹಿಡಿದು ಜೋಡಿಸಿದ್ದರು. ಕೈಗೆ ಗಂಟುಗಂಟಾಗಿ ತಾಗುತ್ತಿತ್ತು. ಅದನ್ನು ಪೂರ್ತಿ ಬಿಚ್ಚಿ ಮಡಿಕೆ ಹೊಲಿಗೆಯಲ್ಲಿ ಕೂಡಿಸಿದ್ದೇನೆ. ಈಗ ಅಲ್ಲಿ ಜೋಡಿಸಿದ್ದಾರೆ ಅಂತ ಹೇಳಿದರೂ ಯಾರೂ ನಂಬುವುದಿಲ್ಲ.

ನಿನ್ನ ಉತ್ತರವನ್ನು ಎಲ್ಲ ಜೇಬಿನಲ್ಲೂ ಹುಡುಕಿದೆ. ಚೂಯಿಂಗ್ ಗಮ್ಮಿನ ಕಾಗದ ಒಂದು ಸಿಕ್ಕಿತು. ಅದೇ ಉತ್ತರ ಆಗಿದ್ದರೆ ಹುಡುಗ ಬೇಡ, ಬಿಟ್ಟುಬಿಡು.

ಅಜ್ಜಿ


ಟುರ್ಕು, 21 ಏಪ್ರಿಲ್ 1997

ಅಜ್ಜಿ,

ಮೊದಲು ಜಗಳ ಮುಗಿಸಿಬಿಡುತ್ತೇನೆ. ಓವರಾಲ್ ಒಗೆಯಬಾರದು. ಅದು ನಿಯಮ. ಒಗೆಯಲೇಬೇಕೆಂದರೆ ಅದನ್ನು ತೊಟ್ಟುಕೊಂಡೇ ನೀರಿಗೆ ಇಳಿಯಬೇಕು. ಒಂದೊಂದು ಕಲೆಗೂ ಒಂದೊಂದು ಕಥೆ ಇರುತ್ತದೆ. ಹೇಳುವುದನ್ನು ನಾನು ಮರೆತೆ, ತಪ್ಪು ನನ್ನದೇ. ಗಂಜಿ ಹಾಕಿದ ಓವರಾಲನ್ನು ಅಡುಗೆಮನೆಯ ಬಾಗಿಲಿಗೆ ನೇತುಹಾಕಿದಾಗ ರೋನ್ಯಾ ನೆಲಕ್ಕೆ ಕೂತು ನಕ್ಕಳು. "ಇದೇನು, ಬ್ಯಾಂಕ್ ಮ್ಯಾನೇಜರ್‌ದಾ?" ಅಂದಳು.

ಈಗ ಎಡಗಾಲು. ಅದು ಹರಿದಿರಲಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಮೆಚ್ಚಿಕೊಂಡರೆ ಓವರಾಲಿನ ಕಾಲನ್ನು ಮಂಡಿಯ ಹತ್ತಿರ ಕತ್ತರಿಸಿ ಅದಲುಬದಲು ಮಾಡಿಕೊಳ್ಳುತ್ತಾರೆ. ಬೀದಿಯಲ್ಲಿ ನೋಡಿದವರಿಗೆಲ್ಲ ಗೊತ್ತಾಗಲಿ ಅಂತಲೇ ಹಾಗೆ. ಅವನ ಹೆಸರು ಓತ್ಸೊ. ಭೌತಶಾಸ್ತ್ರ ಓದುತ್ತಾನೆ, ಪಾರ್ಸೆಲ್ ಹೊರುತ್ತಾನೆ, ಹೊಲಿಯಲು ಬರುವುದಿಲ್ಲ. ಆ ಹಲ್ಲಿನ ದಾರ ಅವನದೇ. ಅವರ ವಿಭಾಗದ ಬಣ್ಣ ನೇರಳೆ.

ನೇರಳೆ, ಅಜ್ಜಿ. ಒಂದು ಕಾಲು ಹಸಿರು, ಒಂದು ಕಾಲು ಮಂಡಿಯ ಕೆಳಗೆ ನೇರಳೆ. ರಸ್ತೆಯ ಆಚೆ ಬದಿಯಿಂದಲೂ ಕಾಣುತ್ತದೆ. ನೀನು ಅದನ್ನು ಎರಡು ದಿನ ನೆನೆಹಾಕಿದೆ, ಇಸ್ತ್ರಿ ಹಾಕಿದೆ, ಜೋಡಿಸಿದ್ದೇ ಗೊತ್ತಾಗುವುದಿಲ್ಲ ಅಂತ ಬರೆದೆ.

ನಿನ್ನ ಕಾಗದವನ್ನು ಓತ್ಸೊಗೆ ಓದಿ ಹೇಳಿದೆ. ಚೂಯಿಂಗ್ ಗಮ್ಮಿನ ಮಾತಿಗೆ ನಕ್ಕ. ಆಮೇಲೆ ಮೆಲ್ಲಗೆ, "ಸೈಮಿ, ನಿಮ್ಮಜ್ಜಿಗೆ ಕಣ್ಣು ಕಾಣಲ್ವಾ?" ಅಂದ. ಅವನ ಮೇಲೆ ರೇಗಿ ಎದ್ದು ಬಂದುಬಿಟ್ಟೆ. ನಮ್ಮಜ್ಜಿ ಯಾರು ಗೊತ್ತಾ, ಹದ್ದು ಅಂತ ಕರೀತಿದ್ರು, ಅಂತ ಹೇಳಿಯೇ ಬಂದೆ. ಕೋಣೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ದಪ್ಪ ಪೆನ್ನು. ಪೋಣಿಸಿದ ಸೂಜಿ. ಕಪ್ಪು ಪ್ಯಾಂಟು ವಾಪಸು. ನನ್ನ ಕೂದಲು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಅಜ್ಜಿ, ಅತ್ತುಬಿಟ್ಟೆ. ಇಷ್ಟೆಲ್ಲ ಕಣ್ಣೆದುರು ಇಟ್ಟುಕೊಂಡು ನಾನು ಏನನ್ನೂ ನೋಡಲಿಲ್ಲ.

ಇನ್ನೊಂದು ತಪ್ಪೊಪ್ಪಿಗೆ. ಕಲಾಶಾಲೆಯ ಹುಡುಗಿ ಯಾರೂ ಇರಲಿಲ್ಲ. ಹಸಿರು ದಾರ ನೋಡಿ ಮೊದಲ ದಿನ ರೋನ್ಯಾ ಬಿದ್ದು ಬಿದ್ದು ನಕ್ಕಳು. ಮನೆಯಲ್ಲಿ ಬೇರೆ ದಾರ ಇರಲಿಲ್ಲವೇನೋ ಅಂದುಕೊಂಡೆ. ನಿನಗೆ ಬೇಜಾರಾಗಬಾರದು ಅಂತ ಹಾಗೆ ಬರೆದೆ. ಆಮೇಲೆ ಬೇಕು ಅಂತಲೇ ಕಾಲರು ಎತ್ತಿ ನಡೆದೆ. ಮೂರನೆಯ ವಾರಕ್ಕೆ ರೋನ್ಯಾ ಅದೇ ಕೋಟನ್ನು ಎರವಲು ಕೇಳಿದಳು. ಪ್ಯಾಂಟಿನ ವಿಷಯ ಮಾತ್ರ ಸುಳ್ಳಲ್ಲ.

ನಿಜ ಹೇಳು. ಎಷ್ಟು ಕಾಣುತ್ತದೆ?

ಸೈಮಿ


ಕೌಹಯೋಕಿ, 29 ಏಪ್ರಿಲ್ 1997

ಸೈಮಿ,

ನಿನ್ನ ಕಾಗದವನ್ನು ಭೂತಗನ್ನಡಿ ಹಿಡಿದು ಓದಲು ಒಂದು ಬೆಳಗು ಹಿಡಿಯಿತು. ಅಷ್ಟು ಕಾಣುತ್ತದೆ.

ಎರಡು ಕಣ್ಣಿಗೂ ಪೊರೆ. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಗೊತ್ತಾಗುತ್ತದೆ. ಬಣ್ಣಗಳು ಎರಡೇ ಉಳಿದಿವೆ, ಬೆಳ್ಳಗಿನದು ಮತ್ತು ಕಪ್ಪಗಿನದು. ಅದರಲ್ಲೂ ಬೆಳ್ಳಗಿನದು ಚಹಾದ ಬಣ್ಣಕ್ಕೆ ತಿರುಗಿದೆ. ದಾರದ ರೀಲುಗಳನ್ನು ನಾನು ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿದ್ದೆ. ಮೇಲಿನ ಸಾಲಿನಲ್ಲಿ ಎಡದಿಂದ ಮೂರನೆಯದು ನೀಲಿ, ಹೀಗೆ. ನೋಡದೆಯೇ ಕೈ ಹಾಕುತ್ತಿದ್ದೆ. ಹೋದ ಆಗಸ್ಟಿನಲ್ಲಿ ಪೆಟ್ಟಿಗೆ ಕೈಜಾರಿ ಬಿತ್ತು. ಹೆಲ್ವಿ ಬಂದು ರೀಲುಗಳನ್ನೆಲ್ಲ ಆರಿಸಿ ಅವಳಿಗೆ ಚಂದ ಕಂಡ ಹಾಗೆ ಜೋಡಿಸಿಟ್ಟಳು. ಯಾವುದು ಯಾವುದು ಅಂತ ಅವಳನ್ನು ಕೇಳಿದ್ದರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಹೆಲ್ವಿಗೆ ಗೊತ್ತಾದರೆ ಇಡೀ ಪೇಟೆಗೆ ಗೊತ್ತಾದ ಹಾಗೆ. ಆದ್ದರಿಂದ ಅಂದಾಜಿನಲ್ಲಿ ಹೊಲಿದೆ.

ಹಸಿರು ಅಂತ ನೀನು ಬರೆದ ದಿನ ನಾನು ಅನ್ನ ನೀರು ಮುಟ್ಟಲಿಲ್ಲ. ಆಮೇಲೆ ಕಲಾಶಾಲೆಯವಳ ಮಾತನ್ನು ಹತ್ತು ಸಲ ಓದಿಕೊಂಡು ಸಮಾಧಾನ ಮಾಡಿಕೊಂಡೆ. ಅವಳೂ ಇಲ್ಲ ಅನ್ನುತ್ತೀಯ ಈಗ. ತಪಾಸಣೆ ಮೇಜಿನವಳಿಗೇ ಸುಳ್ಳು ಹೇಳಿ ದಾಟಿಸಿಬಿಟ್ಟೆಯಲ್ಲ, ಕಳ್ಳಿ.

ಜಿಲ್ಲಾ ಆಸ್ಪತ್ರೆಯಿಂದ ಫೆಬ್ರವರಿಯಲ್ಲೇ ಕಾಗದ ಬಂದಿದೆ. ಜೂನ್ ಮೂರಕ್ಕೆ ಬಲಗಣ್ಣಿನ ಆಪರೇಷನ್. ಮೇ ಹದಿನೈದರೊಳಗೆ ಬರುತ್ತೇನೆ ಅಂತ ತಿಳಿಸಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ತಿಳಿಸಿಲ್ಲ. ಎಚ್ಚರ ಇರುವಾಗಲೇ ಕಣ್ಣು ಕೊಯ್ಯುತ್ತಾರಂತೆ. ಜೀವನವಿಡೀ ಕತ್ತರಿ ಹಿಡಿದವರ ಕೈಯನ್ನು ನೋಡಿದ್ದೇನೆ, ಸೈಮಿ. ಸೋಮವಾರ ಬೆಳಿಗ್ಗೆ ಒಳ್ಳೆಯ ಕೆಲಸಗಾರರ ಕೈಯೂ ನಡುಗುತ್ತದೆ. ಕೋಟು ಕೆಟ್ಟರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕಣ್ಣು ಕೆಟ್ಟರೆ? ಈಗ ಕೈಯ ಅಂದಾಜಿನಲ್ಲಾದರೂ ನಿನಗೆ ಹೊಲಿದುಕೊಡುತ್ತಿದ್ದೇನೆ. ಅದೂ ಹೋದರೆ ನಾನು ನಿನಗೆ ಯಾಕೆ ಬೇಕು ಹೇಳು.

ನಿಮ್ಮಮ್ಮನಿಗೆ ಹೇಳಬೇಡ.

ಅಜ್ಜಿ


ಟುರ್ಕು, 2 ಮೇ 1997

ಅಜ್ಜಿ,

ಕೊನೆಯ ಸಾಲಿನ ಮೇಲೆ ಸೀಮೆಸುಣ್ಣದ ಗೀಟು ಎಳೆದು ಅದನ್ನು ವಾಪಸು ಕಳಿಸುತ್ತಿದ್ದೇನೆ. ನೀನು ಯಾಕೆ ಬೇಕು ಅಂತ ಇನ್ನೊಂದು ಸಲ ಕೇಳಬೇಡ. ನೀನು ಬೇಕು, ಅಷ್ಟೆ. ಬಟ್ಟೆ ಹೊಲಿದುಕೊಟ್ಟರೂ ಬೇಕು, ಹೊಲಿಯದಿದ್ದರೂ ಬೇಕು. ಪಾರ್ಸೆಲ್ ಕಳಿಸುತ್ತಿದ್ದದ್ದು ಕಾಸಿಲ್ಲ ಅಂತ ಮಾತ್ರ ಅಂದುಕೊಂಡೆಯಾ? ಸೊಂಟ ಒಳಗೆ ತಗೊಳ್ಳುವುದು ನನಗೂ ಬರುತ್ತದೆ. ಹನ್ನೊಂದು ವರ್ಷ ಇರುವಾಗ ನೀನೇ ಕಲಿಸಿದ್ದೀಯ. ಬಟ್ಟೆಯ ಒಳಜೇಬಿನಲ್ಲಿ ನಿನ್ನ ಕಾಗದ ಬರುತ್ತದೆ, ಅದಕ್ಕೆ ಕಳಿಸುತ್ತಿದ್ದೆ.

ಜೂನ್ ಮೂರು ಯಾವ ವಾರ ಅಂತ ನೋಡಿದೆ. ಮಂಗಳವಾರ. ಸೋಮವಾರ ಅಲ್ಲ.

ಆಸ್ಪತ್ರೆಗೆ ಹೂಂ ಅಂತ ತಿಳಿಸು. ನನಗೆ ಅವತ್ತೇ ಐಸ್‌ಕ್ರೀಮ್ ಅಂಗಡಿಯ ಬೇಸಿಗೆ ಕೆಲಸ ಶುರುವಾಗುತ್ತದೆ, ಮೊದಲ ಎರಡು ವಾರ ರಜೆ ಕೊಡುವುದಿಲ್ಲ. ಹೆಲ್ವಿಯನ್ನು ಕರೆದುಕೊಂಡು ಹೋಗು. ಪೇಟೆಗೆಲ್ಲ ಗೊತ್ತಾದರೆ ಆಗಲಿ. ಅಮ್ಮನಿಗೆ ನಾನು ಮೇ ಹನ್ನೆರಡರ ತನಕ ಹೇಳುವುದಿಲ್ಲ. ಅಷ್ಟರೊಳಗೆ ನೀನು ಹೂಂ ಅನ್ನದಿದ್ದರೆ ಅವಳನ್ನು ನಿನ್ನ ಮೇಲೆ ಬಿಡುತ್ತೇನೆ.

ನೆನ್ನೆ ವಾಪ್ಪು. ಗಂಜಿಯ ಓವರಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ, ಇಡೀ ದಿನ ನಿಂತೇ ಇದ್ದೆ. ಆದರೆ ಮಂಡಿಯ ಹೊಲಿಗೆಯನ್ನು ಎಲ್ಲರೂ ಬಗ್ಗಿ ನೋಡಿದರು. ಓತ್ಸೊ ತನ್ನ ಓವರಾಲಿನ ಕಾಲನ್ನೂ ನಿನ್ನ ಹತ್ತಿರ ಹೊಲಿಸಬೇಕಂತೆ. "ಕೇಳು ನಿಮ್ಮಜ್ಜಿನ, ನಾನೇ ಬಂದು ಹಂಡೆಗೆ ನೀರು ಹೊತ್ತುಕೊಡ್ತೀನಿ" ಅಂದ.

ಸೈಮಿ


ಕೌಹಯೋಕಿ, 12 ಜೂನ್ 1997

ಸೈಮಿ,

ಇದನ್ನು ಮಾಮೂಲಿ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಗಮನಿಸು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಲಗಿಸುವ ಮೊದಲು, "ಕೈ ತೋರಿಸಮ್ಮ" ಅಂದೆ. ಪಾಪ, ತಕ್ಷಣ ಎರಡೂ ಕೈ ಚಾಚಿದಳು. ಹಿಡಿದು ನೋಡಿದೆ, ನಡುಗಲಿಲ್ಲ. "ಯಾಕಜ್ಜಿ?" ಅಂದಳು. "ಏನಿಲ್ಲ, ಪಾಸು" ಅಂದೆ. ಅರ್ಧ ಗಂಟೆಯೂ ಆಗಲಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಹೆಲ್ವಿ. ಅವಳಿಗೆ ಇಷ್ಟು ವಯಸ್ಸಾಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. "ಏನ್ ಹಂಗ್ ನೋಡ್ತೀಯ?" ಅಂದಳು. "ಚೆನ್ನಾಗಿದೀಯ" ಅಂದೆ. ನಿನ್ನ ಹತ್ತಿರ ಕಲಿತದ್ದು.

ಮನೆಗೆ ಬಂದು ಮೂರು ದಿನ ಬರೀ ನೋಡಿದೆ. ಕಿಟಕಿಯ ಗಾಜು ಕೊಳಕು. ಅಡುಗೆಮನೆಯ ಗೋಡೆ ಹಳದಿ ಅಂದುಕೊಂಡಿದ್ದೆ, ಬಿಳಿಯಂತೆ. ನಾನು ವಾರವಾರ ಚರ್ಚಿಗೆ ತೊಟ್ಟು ಹೋಗುತ್ತಿದ್ದ ಸ್ವೆಟರಿನ ಎದೆಯ ಮೇಲೆ ಕಾಫಿ ಕಲೆ. ಯಾರೂ ಹೇಳಲಿಲ್ಲ. ಊರೆಲ್ಲ ನನ್ನ ಬಗ್ಗೆ ಇಷ್ಟು ಕನಿಕರ ಇಟ್ಟುಕೊಂಡಿದೆ ಅಂತ ಗೊತ್ತಿರಲಿಲ್ಲ.

ನಿಮ್ಮಮ್ಮ ಹಬ್ಬದಲ್ಲಿ ತೆಗೆದ ಫೋಟೋ ಅಲಮಾರಿಯಲ್ಲಿ ಇತ್ತು. ತೆಗೆದು ಬೆಳಕಿಗೆ ಹಿಡಿದೆ. ನೀಲಿ ಕೋಟು, ಹಸಿರು ದಾರ. ಕಾಲರಿನ ಅಂಚಿನಲ್ಲಿ ಹೊಲಿಗೆ ಎರಡು ಕಡೆ ದಾರಿ ತಪ್ಪಿದೆ. ಕಾರ್ಖಾನೆಯಲ್ಲಾಗಿದ್ದರೆ ಗೀಟು ಎಳೆಯುತ್ತಿರಲಿಲ್ಲ, ಹೊಲಿದವಳನ್ನು ಕರೆಸಿ ಮನೆಗೆ ಹೋಗು ಅನ್ನುತ್ತಿದ್ದೆ. ಇದನ್ನು ತೊಟ್ಟುಕೊಂಡು ಇಡೀ ಚಳಿಗಾಲ ಟುರ್ಕುವಿನ ಬೀದಿಯಲ್ಲಿ ನಡೆದೆಯಾ, ಹುಡುಗಿ? ಆ ಚಂದದ ಹುಡುಗಿಯರ ನಡುವೆ? ಕಾಲರು ಎತ್ತಿಕೊಂಡು? ಮೇಜಿಗೆ ತಲೆಯಿಟ್ಟು ಅತ್ತೆ. ಹೊಸ ಕಣ್ಣಲ್ಲಿ ಅಳಬಾರದು ಅಂತ ಡಾಕ್ಟರು ಹೇಳಿದ್ದಳು.

ಆಮೇಲೆ ಫೋಟೋದಲ್ಲಿ ಮುಖ ನೋಡಿದೆ. ಕೂದಲು ಒಪ್ಪುತ್ತದೆ. ಕೆನ್ನೆ ಇಳಿದಿದೆ. ಹುಬ್ಬು ನಿಮ್ಮ ತಾತನದು, ಅದು ಯಾವಾಗ ಬಂತೋ. ನೀನು ಐದು ದಿನ ನನ್ನ ಎದುರು ಇದೇ ಮೇಜಿನಲ್ಲಿ ಕೂತಿದ್ದೆ. ನಾನು ನಿನ್ನ ದನಿ ಬಂದ ಕಡೆ ತಲೆ ಆಡಿಸುತ್ತ, ಹೋದ ಬೇಸಿಗೆಗೂ ಹಿಂದಿನ ನಿನ್ನ ಮುಖವನ್ನು ನೆನೆಸಿಕೊಂಡು ಮಾತಾಡುತ್ತಿದ್ದೆ. ಅಷ್ಟು ಹತ್ತಿರ ಇದ್ದವಳನ್ನು ನೋಡದೆ ಬಸ್ಸು ಹತ್ತಿಸಿದೆ.

ತಿಂಗಳ ಕೊನೆಗೆ ಯುಹಾನ್ನುಸ್, ನಡುಬೇಸಿಗೆಯ ಹಬ್ಬಕ್ಕೆ ನಿನಗೆ ರಜೆ ಸಿಗುತ್ತದಲ್ಲ, ಬಂದುಬಿಡು. ಓತ್ಸೊನನ್ನೂ ಕರೆದುಕೊಂಡು ಬಾ, ಹಂಡೆ ಖಾಲಿಯೇ ಇದೆ. ಏನು ಬೇಕಾದರೂ ಹಾಕಿಕೊಂಡು ಬಾ, ಒಗೆದದ್ದೋ ಒಗೆಯದ್ದೋ, ಬಟ್ಟೆಯ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಈಗ ಇಲ್ಲಿ ರಾತ್ರಿಯೂ ಬೆಳಕಿರುತ್ತದೆ, ಯಾವ ಬಸ್ಸಿಗೆ ಬಂದರೂ ಸರಿ. ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಬಸ್ಸಿನಿಂದ ಇಳಿದು ಎಂದಿನಂತೆ ಓಡಿ ಬರಬೇಡ. ನಿಧಾನವಾಗಿ ನಡೆದುಕೊಂಡು ಬಾ.

ಅಜ್ಜಿ